ಕೋದಂಡರಾಮಪ್ಪನವರ ಮೂಳೆಚೂರು ಮತ್ತು ಒಂದು ‘ಪ್ರಮಾದ’

ಫೋನ್ ಬಡಿದುಕೊಂಡಾಗ ಕೋದಂಡರಾಮಪ್ಪನವರ ಹಲ್ಲುಗಳ ನಡುವೆ ಪ್ಲಾಸ್ಟಿಕ್ ಪಟ್ಟಿಯ ಒಂದು ತುದಿ ಇತ್ತು. ಇನ್ನೊಂದು ತುದಿ ಮಾವಿನ ಸಸಿಯ ಕಾಂಡವನ್ನು ಸುತ್ತುತ್ತಿತ್ತು. ಓಟೆಯಿಂದ, ಅಂದರೆ ಗೊರಟೆಯಿಂದ, ಎದ್ದ ನಾಟಿ ಸಸಿಯ ತಲೆ ಕತ್ತರಿಸಿ, ಕಾಂಡ ಸೀಳಿ, ಬಾದಾಮಿ ತಳಿಯ ಮಾವಿನ ಮರದ ಕುಡಿಯನ್ನು ಚೂಪು ಮಾಡಿ ಆ ಸೀಳಿನೊಳಗೆ ಕೂರಿಸಿ, ಗಾಳಿಯಾಡದಂತೆ ಪಟ್ಟಿ ಬಿಗಿಯಬೇಕು. ನಡುವೆ ಕೈ ಬಿಟ್ಟರೆ ಕುಡಿ ಅಲುಗುತ್ತದೆ. ಅವರು ಕೈ ಬಿಡಲಿಲ್ಲ. ಫೋನ್ ಹೊಡೆದುಕೊಂಡು ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

“ಕೋದಂಡಣ್ಣ, ಫೋನು,” ಎಂದರು ನರ್ಸರಿಯ ಮಾಲೀಕ ವೆಂಕಟ್.

“ಬಡ್ಕೊಳ್ಲಿ ಬಿಡು.”

“ಯಾರದು?”

“ಆಸ್ಪತ್ರೆ ಹುಡುಗಿ. ಬಿಡಲ್ಲ ಅಂತಾಳೆ.”

“ಏನಂತೆ ಅವಳಿಗೆ? ಬಾದಾಮಿ ಸಸಿ ಬೇಕಂತಾ?”

“ನಾನೇ ಬೇಕಂತೆ. ಇನ್ನೊಂದ್ ಸಲ ಬೋರ್ವೆಲ್ ಕೊರೀತಾಳಂತೆ ಸೊಂಟಕ್ಕೆ.” ಪಟ್ಟಿಯ ಗಂಟು ಹಾಕಿ, ಕುಡಿಯ ಮೇಲೆ ಐಸ್‌ಕ್ಯಾಂಡಿಯ ಉದ್ದನೆಯ ಕವರನ್ನು ಟೋಪಿಯಂತೆ ಇಳಿಸಿ, ಅವರು ಮುಂದಿನ ಸಸಿಗೆ ಕೈ ಹಾಕಿದರು. ಫೋನ್ ಕಟ್ಟಾಯಿತು.

ಇದು ಆಗಸ್ಟ್ ಕೊನೆಯ ಮಾತು. ರಾಯಲ್ಪಾಡಿನ ಸುತ್ತಮುತ್ತ ಮಾವಿನ ಕಸಿ ಕಟ್ಟುವ ಕಾಲ. ಮೊದಲೆಲ್ಲ ಕುಕ್ಕರಗಾಲಲ್ಲಿ ಕೂತು ಪಾತಿಯಿಂದ ಪಾತಿಗೆ ಸರಿಯುತ್ತಿದ್ದ ಕೋದಂಡರಾಮಪ್ಪ ಈಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾರೆ. ಅಂಗಿಯೊಳಗೆ ಸೊಂಟಕ್ಕೆ ಅಗಲವಾದ ಬೆಲ್ಟ್ ಇದೆ. ಸಸಿಗಳನ್ನು ಬೇರೆಯವರು ಎತ್ತಿ ಕೊಡಬೇಕು. ಐವತ್ತೆಂಟರ ಅವರಿಗೆ ಪ್ಲಾಸ್ಮಾ ಕಣಗಳ ಕ್ಯಾನ್ಸರ್. ವೈದ್ಯರು ಅದನ್ನು ಮಲ್ಟಿಪಲ್ ಮೈಲೋಮಾ ಎನ್ನುತ್ತಾರೆ. ಮನೆಯಲ್ಲಿ ಅದು ‘ಎಮುಕಲ ಜಬ್ಬು’, ಮೂಳೆಯ ರೋಗ. ಅದು ಕೈಮೀರಿ ಹೋಗಿದೆ, ಇನ್ನು ಔಷಧಿ ತೆಗೆದುಕೊಳ್ಳುವುದು ದಂಡ ಎಂದು ಅವರು ಆ ದಿನ ಖಚಿತವಾಗಿ ನಂಬಿದ್ದರು. ಹಾಗೆಂದು ಆಸ್ಪತ್ರೆಯವರೇ ಫೋನ್ ಮಾಡಿ ಹೇಳಿದ್ದರು ಎಂಬುದು ಅವರ ತಿಳಿವಳಿಕೆ. ಆಸ್ಪತ್ರೆಯವರು ಹಾಗೆ ಹೇಳಿರಲಿಲ್ಲ.

ರಾಯಲ್ಪಾಡು ಶ್ರೀನಿವಾಸಪುರ ತಾಲ್ಲೂಕಿನ ಕೊನೆಯಲ್ಲಿದೆ. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಆಂಧ್ರ. ಕೋದಂಡರಾಮಪ್ಪನವರ ಮನೆಮಾತು ತೆಲುಗು. ಶಾಲೆಯಲ್ಲಿ ಏಳನೆಯವರೆಗೆ ಓದಿದ್ದು ಕನ್ನಡ. ಕಸಿ ಕಟ್ಟುವುದನ್ನು ಕಲಿತದ್ದು ಸೋದರಮಾವನಿಂದ. ಹದಿನಾರನೇ ವಯಸ್ಸಿನಿಂದ ಶ್ರೀನಿವಾಸಪುರ, ಮುಳಬಾಗಿಲು ಕಡೆಯ ತೋಟಗಳಿಗೆ ಚಾಕು ಹಿಡಿದು ಹೋಗುತ್ತಿದ್ದರು. ಮುಳಬಾಗಿಲಿನಲ್ಲಿ ಕನ್ನಡ, ಮನೆಯಲ್ಲಿ ತೆಲುಗು, ಮಾವಿನ ಮಂಡಿಯಲ್ಲಿ ಎರಡೂ. ಯಾವುದರಲ್ಲಿ ಮಾತಾಡುತ್ತಿದ್ದೇನೆ ಎಂದು ಯೋಚಿಸುವ ಅಗತ್ಯ ಅವರಿಗೆ ಯಾವತ್ತೂ ಬಿದ್ದಿರಲಿಲ್ಲ. ಹೆಂಡತಿ ರಾಮಲಕ್ಷ್ಮಮ್ಮ ಎರಡು ಸೀಮೆಹಸು ಸಾಕಿಕೊಂಡಿದ್ದಾರೆ. ಒಬ್ಬಳೇ ಮಗಳು ಸುನಂದ ಮದುವೆಯಾಗಿ ಮಾಲೂರಿನಲ್ಲಿದ್ದಾಳೆ, ಅಲ್ಲಿನ ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿ ಮಾಲು ಪರೀಕ್ಷಿಸುವ ಕೆಲಸ.

ಬೆನ್ನು ನೋವು ಶುರುವಾಗಿ ಎರಡು ವರ್ಷವಾಗಿತ್ತು. ಬಗ್ಗಿ ಕೆಲಸ ಮಾಡುವವನಿಗೆ ಬೆನ್ನು ನೋಯುವುದು ಯಾರಿಗೂ ವಿಶೇಷ ಅನ್ನಿಸಲಿಲ್ಲ. ಗಡಿಯಾಚೆಯ ಒಬ್ಬ ಡಾಕ್ಟರು ಎಕ್ಸ್‌ರೇ ನೋಡಿ, ‘ಪ್ರಮಾದಂ ಏಮೀ ಲೇದು’ ಎಂದು ಕಳಿಸಿದರು. ಅಪಾಯ ಏನೂ ಇಲ್ಲ ಎಂದು ಅರ್ಥ. ಮುಲಾಮು, ಮಾತ್ರೆ, ಬೆಲ್ಟ್. ಆಮೇಲೆ ಸುಸ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಈ ವರ್ಷ ಮೇ ತಿಂಗಳಲ್ಲಿ ಕಾಯಿ ಕೀಳುವಾಗ ಏಣಿಯ ಕೆಳಗೆ ಬುಟ್ಟಿ ಎತ್ತಿದವರು ಹಾಗೇ ಕೂತುಬಿಟ್ಟರು. ಬೆನ್ನೆಲುಬಿನ ಒಂದು ಮೂಳೆ ಕುಸಿದಿತ್ತು. ಕೋಲಾರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದಾಗ, ಇರಬಾರದ ಒಂದು ಪ್ರೋಟೀನ್ ವಿಪರೀತ ಹೆಚ್ಚಾಗಿರುವುದು ಕಂಡಿತು.

ಪ್ಲಾಸ್ಮಾ ಕಣಗಳು ಇರುವುದು ಮೂಳೆಯ ಮಜ್ಜೆಯಲ್ಲಿ. ಸೋಂಕಿನ ವಿರುದ್ಧ ಹೋರಾಡುವ ಪ್ರೋಟೀನನ್ನು ತಯಾರಿಸುವುದು ಅವುಗಳ ಕೆಲಸ. ಅವುಗಳಲ್ಲಿ ಒಂದು ಕೆಟ್ಟು, ತನ್ನಂಥವನ್ನೇ ಹುಟ್ಟಿಸುತ್ತ ಹೋದರೆ, ಮಜ್ಜೆಯಲ್ಲಿ ರಕ್ತ ಹುಟ್ಟಲು ಜಾಗ ಉಳಿಯುವುದಿಲ್ಲ, ಮೂಳೆ ಒಳಗಿನಿಂದ ಸವೆಯುತ್ತದೆ. ಇಷ್ಟು ಎಲ್ಲ ರೋಗಿಗಳಲ್ಲೂ ಒಂದೇ. ಮುಂದಿನದು ಒಂದೇ ಅಲ್ಲ. ಕೆಲವರಲ್ಲಿ ರೋಗ ನಿಧಾನದ್ದು, ಔಷಧಿಗೆ ಬಗ್ಗಿ ಹಲವು ವರ್ಷ ಸುಮ್ಮನಿರುತ್ತದೆ. ಕೆಲವರಲ್ಲಿ ಜೋರಿನದ್ದು, ಬಗ್ಗಿದಂತೆ ಮಾಡಿ ಬೇಗ ಮರಳುತ್ತದೆ. ಕೋದಂಡರಾಮಪ್ಪನವರದು ಇವೆರಡರಲ್ಲಿ ಯಾವುದು ಎಂಬುದು ಜೂನ್ ತಿಂಗಳಲ್ಲಿ ಕೇಳಿದ ಪ್ರಶ್ನೆ. ಅದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ.

ರಕ್ತರೋಗ ತಜ್ಞ ಡಾ. ಶಿವಶಂಕರ್ ಆ ದಿನ ಗಂಡ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದರು: “ಕಾಯಿಲೆ ಇದೆ ಅನ್ನೋದು ಗೊತ್ತಾಯ್ತು. ಎಂಥದ್ದು ಅನ್ನೋದು ಗೊತ್ತಾಗಬೇಕು. ಅದಕ್ಕೆ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಜೀನ್ ಟೆಸ್ಟ್ ಮಾಡ್ತೀವಿ. ನಿಧಾನದ್ದಾದ್ರೆ ಈಗ ಕೊಡೋ ಮೂರು ಔಷಧಿ ಸಾಕು, ಆಮೇಲೆ ಕಸಿ. ಜೋರಿನದ್ದಾದ್ರೆ ನಾಲ್ಕನೇದು ಸೇರಿಸಬೇಕು, ಕಸಿನೂ ತಡ ಮಾಡೋ ಹಾಗಿಲ್ಲ.”

“ಕಸಿ?” ಕೋದಂಡರಾಮಪ್ಪ ನೆಟ್ಟಗೆ ಕೂತರು.

“ಹೌದು. ನಿಮ್ಮ ರಕ್ತದಿಂದಲೇ ಒಳ್ಳೇ ಕಣ ತೆಗೆದಿಟ್ಟು, ಜೋರು ಔಷಧಿ ಕೊಟ್ಟು ಮಜ್ಜೆ ಖಾಲಿ ಮಾಡಿ, ತೆಗೆದಿಟ್ಟಿದ್ದನ್ನ ವಾಪಸ್ ಹಾಕ್ತೀವಿ.”

“ನಂದೇ ಕುಡಿ ನನಗೇ ಕಟ್ಟೋದಾ? ಇದೆಂಥ ಕಸಿ ಸಾರ್? ಬೇರೆ ಒಳ್ಳೇ ಮರದಿಂದ ತರ್ತಾರಪ್ಪ ಯಾರಾದ್ರೂ.”

ಡಾಕ್ಟರು ನಕ್ಕರು. “ಬೇರೆಯವರದು ತಂದ್ರೆ ನಿಮ್ಮ ಮೈ ಜಗಳ ಆಡುತ್ತೆ,” ಎಂದರು. ಕೋದಂಡರಾಮಪ್ಪ ಊರಿಗೆ ಬಂದು ವೆಂಕಟ್‌ಗೆ ಇದನ್ನೇ ಹತ್ತಾರು ಸಲ ಹೇಳಿ ನಗಿಸಿದರು. ಆಗ ಅವರು ನಗುತ್ತಿದ್ದರು. ಚಿಕಿತ್ಸೆ ಶುರುವಾಗಿತ್ತು, ವಾರಕ್ಕೊಂದು ಇಂಜೆಕ್ಷನ್, ಸೋಮವಾರ ಒಂದು ಹಿಡಿ ಸ್ಟೀರಾಯ್ಡ್ ಮಾತ್ರೆ. ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಆದರೆ ನೋವು ಇಳಿಯುತ್ತಿತ್ತು. ಕೆಟ್ಟ ಪ್ರೋಟೀನ್ ಒಂದೇ ತಿಂಗಳಲ್ಲಿ ಅರ್ಧಕ್ಕೆ ಬಂದಿತ್ತು.

ಮಜ್ಜೆ ತೆಗೆದದ್ದು ಮಾತ್ರ ಸಲೀಸಾಗಿ ಆಗಲಿಲ್ಲ. ಸೂಜಿ ಮೂಳೆಯೊಳಗೆ ಇಳಿದರೂ ಸಿರಿಂಜಿಗೆ ಏನೂ ಬರಲಿಲ್ಲ. ಮಜ್ಜೆಯಲ್ಲಿ ನಾರು ಬೆಳೆದಿದ್ದರೆ ಹೀಗಾಗುತ್ತದೆ. ಎರಡು ಸಲ ಎಳೆದು ನೋಡಿ, ಕೊನೆಗೆ ದಪ್ಪ ಸೂಜಿಯಲ್ಲಿ ಬೆಂಕಿಕಡ್ಡಿಯ ಅರ್ಧದಷ್ಟಿರುವ ಒಂದು ಮೂಳೆಚೂರನ್ನು ತೆಗೆದರು. ಸೂಕ್ಷ್ಮದರ್ಶಕದಲ್ಲಿ ನೋಡುವುದಕ್ಕೂ ಜೀನ್ ಪರೀಕ್ಷೆಗೂ ಇದ್ದದ್ದು ಆ ಚೂರು ಒಂದೇ.

ಮೂಳೆ ಗಟ್ಟಿ. ಅದನ್ನು ಕಾಗದಕ್ಕಿಂತ ತೆಳ್ಳಗೆ ಕತ್ತರಿಸಬೇಕಾದರೆ ಮೊದಲು ಸುಣ್ಣದ ಅಂಶವನ್ನು ಕರಗಿಸಿ ಮೆತ್ತಗೆ ಮಾಡಬೇಕು. ಅದಕ್ಕೆ ಎರಡು ದಾರಿ. ನಿಧಾನವಾಗಿ ಕೆಲಸ ಮಾಡುವ ದ್ರಾವಣದಲ್ಲಿ ಇಟ್ಟರೆ ಚೂರು ಮೆತ್ತಗಾಗಲು ಒಂದೆರಡು ದಿನ ಬೇಕು, ಕಣದೊಳಗಿನ ಡಿಎನ್ಎ ಉಳಿಯುತ್ತದೆ. ಜೋರು ಆಮ್ಲದಲ್ಲಿ ಇಟ್ಟರೆ ಕೆಲವು ಗಂಟೆ ಸಾಕು. ಕಣದ ಆಕಾರ ಹೇಗೋ ಉಳಿಯುತ್ತದೆ, ಡಿಎನ್ಎ ಹಾಳಾಗುತ್ತದೆ. ಆಸ್ಪತ್ರೆಯ ಲ್ಯಾಬಿಗೆ ಬರುವ ಮೂಳೆಗಳಲ್ಲಿ ಹೆಚ್ಚಿನವು ಮುರಿದ ತೊಡೆ, ಸವೆದ ಮಂಡಿ. ಅವುಗಳನ್ನು ಆಮ್ಲಕ್ಕೆ ಹಾಕುವುದೇ ರೂಢಿ. ಕೋದಂಡರಾಮಪ್ಪನವರ ಚೂರಿನ ಬಾಟಲಿಯ ಮೇಲೆ ಬರೆದಿದ್ದದ್ದು ‘ಮೂಳೆ’ ಎಂದಷ್ಟೇ. ಮಜ್ಜೆ ಎಂದೂ ಇರಲಿಲ್ಲ, ಜೀನ್ ಪರೀಕ್ಷೆಗೆ ಎಂದೂ ಇರಲಿಲ್ಲ. ಚೂರು ಆಮ್ಲಕ್ಕೆ ಹೋಯಿತು. ನಡುವೆ ಭಾನುವಾರ, ಅದರ ಹಿಂದೆಯೇ ಒಂದು ರಜೆ. ಕೆಲವು ಗಂಟೆ ಇರಬೇಕಾದ್ದು ಎರಡು ದಿನ ಅಲ್ಲೇ ಇತ್ತು.

ರೋಗಶಾಸ್ತ್ರಜ್ಞೆ ಡಾ. ಶೋಭಾರಾಣಿ ಬುಧವಾರ, ಆ ಚೂರನ್ನು ತೆಳ್ಳಗೆ ಕತ್ತರಿಸಿ ಬಣ್ಣ ಹಾಕಿ ಕೂರಿಸಿದ ಗಾಜಿನ ಪಟ್ಟಿಯನ್ನು ನೋಡಿದರು. ಬಣ್ಣ ಮಂಕಾಗಿತ್ತು, ಆದರೂ ಓದುವಂತಿತ್ತು. ಮಜ್ಜೆಯಲ್ಲಿ ಕೊಬ್ಬಿನ ಗುಳ್ಳೆಗಳೂ ರಕ್ತದ ಎಳೆಯ ಕಣಗಳೂ ಇರಬೇಕಾದ ಜಾಗದಲ್ಲಿ ಪ್ಲಾಸ್ಮಾ ಕಣಗಳು ಹಾಸಿಕೊಂಡಿದ್ದವು. ಈ ಕಣವನ್ನು ಗುರುತಿಸುವುದು ಕಷ್ಟವಲ್ಲ: ಕೋಶಕೇಂದ್ರ ನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿರುತ್ತದೆ, ಅದರೊಳಗಿನ ವಸ್ತು ಗಡಿಯಾರದ ಅಂಕಿಗಳಂತೆ ಅಂಚಿನಲ್ಲಿ ಗುಂಪು ಗುಂಪಾಗಿ ಕೂತಿರುತ್ತದೆ. ಅಲ್ಲಲ್ಲಿ ಎರಡು ಕೇಂದ್ರದ ಕಣಗಳು. ಮತ್ತೊಂದು ಬಣ್ಣ ಹಾಕಿದಾಗ ಕಪ್ಪು ನಾರುಗಳು ಬಲೆಯಂತೆ ಎದ್ದು ಕಂಡವು. ಸಿರಿಂಜಿಗೆ ಏನೂ ಬಾರದಿದ್ದುದಕ್ಕೆ ಕಾರಣ ಸಿಕ್ಕಿತು. ಒಂದು ಮೂಲೆಯಲ್ಲಿ ಮಾತ್ರ, ಇನ್ನೂ ಬಲಿಯದ, ದೊಡ್ಡ ಕೇಂದ್ರದ ಕೆಲವು ಎಳೆ ಕಣಗಳಿದ್ದವು. ಇಂಥವು ತುಂಬಿದ್ದರೆ ರೋಗ ಜೋರಿನದ್ದು ಎಂಬ ಸಂಶಯ ಬಲವಾಗುತ್ತದೆ. ತುಂಬಿರಲಿಲ್ಲ. ಇರಲೇ ಇಲ್ಲ ಎನ್ನುವಂತೆಯೂ ಇರಲಿಲ್ಲ.

“ಅನುಮಾನ ಬರೋಷ್ಟಿತ್ತು. ಅನುಮಾನ ನೋಡ್ಕೊಂಡು ಔಷಧಿ ಬರೆಯೋಕಾಗಲ್ಲ,” ಎನ್ನುತ್ತಾರೆ ಶೋಭಾರಾಣಿ. “ಆಕಾರ ನೋಡಿ ನಾನು ಹೇಳಬಹುದಾದ್ದು ಇಷ್ಟೇ. ಹದಿನೇಳನೇ ವರ್ಣತಂತುವಿನ ತುಂಡು ಬಿದ್ದುಹೋಗಿದೆಯಾ, ಬೇರೆ ಎರಡು ಅದಲುಬದಲಾಗಿವೆಯಾ ಅನ್ನೋದು ಕಣ್ಣಿಗೆ ಕಾಣಲ್ಲ. ಅದಕ್ಕೆ ಜೀನ್ ಟೆಸ್ಟೇ ಬೇಕು. ಮಾಡಿಸಿದೆ. ಡಿಎನ್ಎ ಇದ್ದ ಕಡೆ ಬಣ್ಣದ ಚುಕ್ಕೆಗಳು ಹೊಳೀಬೇಕು, ಒಂದು ಚುಕ್ಕೆ ಬೆಳಕೂ ಬರಲಿಲ್ಲ. ಆಮೇಲೆ ವಿಚಾರಿಸಿದಾಗ ಆಮ್ಲದ ವಿಷಯ ಗೊತ್ತಾಯ್ತು. ಬಾಟಲಿ ಮೇಲೆ ಇನ್ನೊಂದು ಪದ ಬರೆದಿದ್ರೆ ಆಗ್ತಿತ್ತು.”

ಇಲ್ಲಿಯವರೆಗೆ ಆದದ್ದು ಲ್ಯಾಬಿನ ತಪ್ಪು. ದೊಡ್ಡದು, ಆದರೆ ಒಂದು ವಾರದಲ್ಲಿ ಸರಿಪಡಿಸಬಹುದಾದ್ದು: ರೋಗಿಯನ್ನು ಕರೆದು, ಕ್ಷಮೆ ಕೇಳಿ, ಇನ್ನೊಂದು ಚೂರು ತೆಗೆಯಬೇಕು. ಕರೆಯುವ ಕೆಲಸ ರಂಜಿತ ಅವರದು. ರೋಗಿಗಳಿಗೆ ಫೋನ್ ಮಾಡಿ ದಿನ ತಿಳಿಸುವ, ನೆನಪಿಸುವ ವಿಭಾಗದಲ್ಲಿ ಅವರಿದ್ದಾರೆ. ಮೈಸೂರಿನ ಕಡೆಯವರು, ಕೋಲಾರಕ್ಕೆ ಬಂದು ಒಂದು ವರ್ಷವೂ ಆಗಿಲ್ಲ. ತೆಲುಗು ಬರುವುದಿಲ್ಲ. ಆ ವಿಭಾಗದಲ್ಲಿ ಒಂದು ಕಟ್ಟುನಿಟ್ಟಿನ ಸೂಚನೆ ಇದೆ: ಫೋನ್‌ನಲ್ಲಿ ‘ತಪ್ಪು’ ಎಂಬ ಪದ ಬಳಸಬಾರದು. ಕರೆಗಳು ರೆಕಾರ್ಡ್ ಆಗುತ್ತವೆ, ನಾಳೆ ಕೇಸು ಗೀಸು ಎಂದಾಗ ಕಷ್ಟ. ಆದರೆ ಏನಾಯಿತೆಂದು ಹೇಳದೆ ಇನ್ನೊಮ್ಮೆ ಸೂಜಿಗೆ ಕರೆಯುವುದು ರಂಜಿತ ಅವರಿಗೆ ಸರಿ ಕಾಣಲಿಲ್ಲ. ‘ತಪ್ಪು’ ಬಿಟ್ಟು, ಅದೇ ಅರ್ಥದ, ಸ್ವಲ್ಪ ಗೌರವದ ಪದವೊಂದನ್ನು ಆರಿಸಿಕೊಂಡರು.

“ಸರ್, ಕೋದಂಡರಾಮಪ್ಪನವರಾ? ನಿಮ್ಮ ಮಜ್ಜೆಯ ಟೆಸ್ಟ್ ವಿಷಯ. ಒಂದು ಪ್ರಮಾದ ಆಗಿದೆ ಸರ್.”

ಅದು ಜುಲೈ ತಿಂಗಳ ಒಂದು ಸಂಜೆ, ಕೋದಂಡರಾಮಪ್ಪ ಆಗ ಮನೆಯಲ್ಲಿ ಟಿವಿಯ ಮುಂದೆ ಇದ್ದರು. ತೆಲುಗು ಚಾನೆಲ್ಲಿನ ಸಂಜೆಯ ಸುದ್ದಿಯಲ್ಲಿ ಲಾರಿ ಉರುಳಿದಾಗ, ದೋಣಿ ಮುಳುಗಿದಾಗ, ಗೋಡೆ ಕುಸಿದಾಗ ಪರದೆಯ ಕೆಳಗೆ ಓಡುವ ಪದ ಅದು. ತೆಲುಗಿನಲ್ಲಿ ಪ್ರಮಾದಂ ಎಂದರೆ ಅಪಾಯ, ಅಪಘಾತ. ಎರಡು ವರ್ಷದ ಹಿಂದೆ ‘ಪ್ರಮಾದಂ ಏಮೀ ಲೇದು’ ಎಂದಿದ್ದ ಡಾಕ್ಟರ ಮಾತೂ ಅವರಿಗೆ ಆಗ ನೆನಪಾಯಿತಂತೆ.

“ದೊಡ್ಡ ಪ್ರಮಾದವೇನಮ್ಮ?” ಎಂದು ಕೇಳಿದರು.

“ದೊಡ್ಡದೇ ಸರ್. ನಮಗೆಲ್ಲ ತುಂಬಾ ಬೇಜಾರಾಗಿದೆ.”

“ಸರಿ ಮಾಡೋಕಾಗಲ್ವಾ?”

“ಇನ್ನು ಅದರಲ್ಲಿ ಏನೂ ಮಾಡೋಕಾಗಲ್ಲ ಸರ್. ನೀವು ಮತ್ತೊಮ್ಮೆ ಬರಬೇಕಾಗುತ್ತೆ, ಡಾಕ್ಟರ್ ಮಾತಾಡ್ತಾರೆ.”

“ಆಯ್ತಮ್ಮ,” ಎಂದು ಅವರು ಫೋನ್ ಇಟ್ಟರು. ರಂಜಿತ ತಮ್ಮ ಕಂಪ್ಯೂಟರಿನಲ್ಲಿ ‘ರೋಗಿಗೆ ವಿವರಿಸಲಾಗಿದೆ, ಒಪ್ಪಿದ್ದಾರೆ’ ಎಂದು ದಾಖಲಿಸಿದರು.

ರಾಮಲಕ್ಷ್ಮಮ್ಮ ಹಸುವಿನ ಹತ್ತಿರದಿಂದ ಒಳಗೆ ಬಂದಾಗ ಗಂಡ ಟಿವಿ ಆರಿಸಿ ಕೂತಿದ್ದರು. “ಪೆದ್ದ ಪ್ರಮಾದಮಂಟ,” ಎಂದರು. ದೊಡ್ಡ ಅಪಾಯವಂತೆ. “ಇನ್ನೇನೂ ಮಾಡೋಕಾಗಲ್ಲ ಅಂದ್ಳು. ಪಾಪ, ಅವಳಿಗೇ ಬೇಜಾರಂತೆ.”

ಮನೆಯಲ್ಲಿ ಆಡಿದ್ದೆಲ್ಲ ತೆಲುಗಿನಲ್ಲಿ. ಹಾಗಾಗಿ ಆ ಪದ ಹೆಂಡತಿಯಿಂದ ಮಗಳಿಗೆ, ಮಗಳಿಂದ ಅಳಿಯನಿಗೆ, ಬೀದಿಯಲ್ಲಿ ಎದುರಾದವರಿಗೆ ಹೋಗುವಾಗ ಯಾರೂ ಅದನ್ನು ತಡೆದು ನೋಡಲಿಲ್ಲ. ಡಾಕ್ಟರು ಜೋರಿನದ್ದೋ ನಿಧಾನದ್ದೋ ಎಂದು ನೋಡುತ್ತೇವೆ ಎಂದಿದ್ದರು. ಅಪಾಯ ಎಂದು ಉತ್ತರ ಬಂತು. ಪ್ರಶ್ನೆಗೂ ಉತ್ತರಕ್ಕೂ ಚೆನ್ನಾಗಿಯೇ ಹೊಂದಿಕೆಯಾಗಿತ್ತು.

ಮುಂದಿನ ಸೋಮವಾರ ಅವರು ಮಾತ್ರೆ ನುಂಗಲಿಲ್ಲ. ಇಂಜೆಕ್ಷನ್ನಿಗೆ ಹೋಗುವ ದಿನ ನರ್ಸರಿಗೆ ಹೋದರು.

“ಏಮಯ್ಯಾ, ಬಸ್ಸು ಹೋಗುತ್ತೆ,” ಎಂದರು ರಾಮಲಕ್ಷ್ಮಮ್ಮ.

“ಹೋಗ್ಲಿ. ಅದಕ್ಕೇನು, ನನಗೋಸ್ಕರ ನಿಂತ್ಕೊಳುತ್ತಾ?”

“ಔಷಧಿ ಬಿಟ್ರೆ ನೋವು ಬರುತ್ತೆ.”

“ಬರೋದು ಹೆಂಗೂ ಬರುತ್ತೆ ಕಣೇ. ಆ ಮಾತ್ರೆ ತಿಂದು ರಾತ್ರಿಯೆಲ್ಲ ಗೂಬೆ ಥರ ಕೂರೋದಕ್ಕಿಂತ ವೆಂಕಟನ ಸಸಿ ಮುಗಿಸಿಕೊಡ್ತೀನಿ. ಮಾತು ಕೊಟ್ಟಿದೀನಿ.”

ರಾಮಲಕ್ಷ್ಮಮ್ಮ ಬೈದರು, ಅತ್ತರು, ಒಂದು ದಿನ ಅಡುಗೆಯನ್ನೂ ಮಾಡಲಿಲ್ಲ. ಆಸ್ಪತ್ರೆಯಿಂದ ಫೋನ್ ಬರುತ್ತಲೇ ಇತ್ತು. ಇಂಜೆಕ್ಷನ್ ತಪ್ಪಿಸಿದ್ದಕ್ಕೆ ಒಂದು, ಮಜ್ಜೆಯ ದಿನ ತಪ್ಪಿಸಿದ್ದಕ್ಕೆ ಇನ್ನೊಂದು. ಸೊಂಟದಿಂದ ಮಜ್ಜೆ ಮತ್ತೆ ತೆಗೆಯಬೇಕು, ಬನ್ನಿ ಎಂಬ ಮೆಸೇಜೂ ಬರುತ್ತಿತ್ತು. ಕೋದಂಡರಾಮಪ್ಪ ಎತ್ತಲಿಲ್ಲ. ಕೆಟ್ಟ ಸುದ್ದಿಯನ್ನು ಒಂದು ಸಲ ಕೇಳಿದರೆ ಸಾಕು ಎನ್ನುತ್ತಿದ್ದರು. ಆಗಸ್ಟ್ ನಡುವಿಗೆ ಪಕ್ಕೆಲುಬಿನಲ್ಲಿ ಹೊಸ ನೋವು ಶುರುವಾಯಿತು. ಅದನ್ನು ಯಾರಿಗೂ ಹೇಳಲಿಲ್ಲ.

ಬಾಯಲ್ಲಿ ಪಟ್ಟಿ ಕಚ್ಚಿಕೊಂಡಿದ್ದ ಆ ದಿನವೇ ಮಧ್ಯಾಹ್ನ ಸುನಂದ ಮಾಲೂರಿನಿಂದ ಬಂದಳು. ತಂದೆ ಊಟಕ್ಕೆ ಕೂತಿದ್ದಾಗ ಫೋನ್ ಮತ್ತೆ ಬಡಿದುಕೊಂಡಿತು. ಸುನಂದ ಎತ್ತಿದಳು. ಅವಳಿಗೆ ಸಿಟ್ಟು ಬಂದಿತ್ತು.

“ನೋಡಿ ಮೇಡಂ, ಪ್ರಮಾದ ಅಂತ ನೀವೇ ಹೇಳಿದೀರಿ. ಏನೂ ಮಾಡೋಕಾಗಲ್ಲ ಅಂತಾನೂ ನೀವೇ ಹೇಳಿದೀರಿ. ಆಮೇಲೂ ಸೂಜಿ ಚುಚ್ತೀನಿ ಅಂತ ದಿನಾ ಯಾಕೆ ಪ್ರಾಣ ತಿಂತೀರಿ? ಹೈ ರಿಸ್ಕ್ ಅಂತ ಆದ್ಮೇಲೆ ಇನ್ನೇನು ನೋಡೋದಿದೆ?”

“ಹೈ ರಿಸ್ಕ್ ಅಂತ ಯಾರು ಹೇಳಿದ್ರು ಮೇಡಂ? ರಿಸ್ಕ್ ಇನ್ನೂ ಗೊತ್ತೇ ಆಗಿಲ್ಲ. ಗೊತ್ತಾಗ್ಲಿ ಅಂತಾನೇ ಕರೀತಿರೋದು.”

“ಮತ್ತೆ ಪ್ರಮಾದ ಅಂದ್ರಲ್ಲ?”

“ಹೌದು, ಲ್ಯಾಬ್‌ನಿಂದ ಆಗಿದ್ದು.”

“ಲ್ಯಾಬ್‌ನಿಂದ ನಮ್ಮಪ್ಪನಿಗೆ ಹೆಂಗೆ ಪ್ರಮಾದ ಆಗುತ್ತೆ?”

“ನಿಮ್ಮ ತಂದೆಗಲ್ಲ ಮೇಡಂ, ಸ್ಯಾಂಪಲ್‌ಗೆ. ಪ್ರಮಾದ ಅಂದ್ರೆ…” ರಂಜಿತ ಸುತ್ತ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: “ತಪ್ಪು. ಲ್ಯಾಬ್‌ನೋರು ತಪ್ಪು ಮಾಡಿದ್ದಾರೆ. ನಿಮ್ಮ ತಂದೆಯ ಮೂಳೆಚೂರು ಹಾಳಾಗಿದೆ. ಅಷ್ಟೇ.”

ಸುನಂದ ಫೋನ್ ಇಟ್ಟಳು. ಕಂಪನಿಯಲ್ಲಿ ಅವಳು ದಿನವೂ ಕನ್ನಡದ ಸೂಚನಾ ಫಲಕ ಓದುತ್ತಾಳೆ. ಆ ಪದಕ್ಕೆ ಕನ್ನಡದಲ್ಲಿ ಬೇರೆ ಅರ್ಥವಿದೆ ಎಂಬುದು ಅವಳಿಗೂ ಹೊಳೆದಿರಲಿಲ್ಲ.

“ಏನಂತೆ?” ಎಂದರು ಕೋದಂಡರಾಮಪ್ಪ.

“ಅದು ನಮ್ಮ ಪ್ರಮಾದಂ ಅಲ್ಲ ನಾಯ್ನಾ. ಕನ್ನಡದ ಪ್ರಮಾದ.”

ವಿವರಿಸಿದ ಮೇಲೆ ಅವರು ಕೇಳಿದ್ದು: “ಹಂಗಾದ್ರೆ ನನಗೆ ಅಪಾಯ ಇಲ್ವಾ?”

“ಇದೆಯೋ ಇಲ್ವೋ ಗೊತ್ತಿಲ್ಲ. ಮತ್ತೆ ಮೂಳೆ ತೆಗೆದ್ರೆ ಗೊತ್ತಾಗುತ್ತೆ.”

ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಆಷಾಢದಿಂದ ನಾನು ಸತ್ತೆ ಅಂತಾನೇ ಇದ್ದೀನಲ್ಲೇ ಅಮ್ಮಣ್ಣಿ,” ಎಂದರು. ಅವರ ದನಿಯಲ್ಲಿ ಸಮಾಧಾನ ಇರಲಿಲ್ಲ. ಅವತ್ತು ಸಂಜೆಯವರೆಗೆ ಸಿಕ್ಕಿದವರಿಗೆಲ್ಲ ಬೈದರು. ಲ್ಯಾಬಿಗೆ, ಫೋನಿಗೆ, ಏಳನೇ ಕ್ಲಾಸಿನ ಕನ್ನಡ ಮೇಷ್ಟ್ರಿಗೆ.

ಎರಡು ದಿನ ಬಿಟ್ಟು ಮೂವರೂ ಕೋಲಾರಕ್ಕೆ ಹೋದರು. ರಂಜಿತ ಅವರೇ ಬಾಗಿಲಿಗೆ ಬಂದು ಕೈ ಮುಗಿದರು. ರಾಮಲಕ್ಷ್ಮಮ್ಮ ಬಿಡಲಿಲ್ಲ.

“ತಪ್ಪು ಅನ್ನೋಕೆ ಬಾಯಿ ಬರ್ಲಿಲ್ವಾ ನಿಂಗೆ? ಒಂದು ಮಾತು.”

“ಅನ್ನಬಾರ್ದು ಅಂತ ಹೇಳಿದಾರೆ ಅಮ್ಮ.”

“ಯಾರು ಹೇಳಿದ್ದು? ತೋರಿಸು, ಅವರನ್ನೇ ಕೇಳ್ತೀನಿ.”

ರಂಜಿತ ತೋರಿಸಲಿಲ್ಲ. ಡಾ. ಶಿವಶಂಕರ್ ಒಳಗೆ ಕರೆದರು. ಅವರಿಗೂ ಬೇಸರವಿತ್ತು. ತಮ್ಮ ರೋಗಿ ಹೇಳದೆ ಕೇಳದೆ ಚಿಕಿತ್ಸೆ ಬಿಟ್ಟ ಎಂದಷ್ಟೇ ಅವರಿಗೆ ಅಲ್ಲಿಯವರೆಗೆ ತಿಳಿದಿದ್ದುದು. “ನಮ್ಮ ಕಡೆ ತಪ್ಪಾಗಿದೆ, ಒಪ್ಕೋತೀನಿ,” ಎಂದರು. “ಆದ್ರೆ ನೀವೂ ಫೋನ್ ತಗೋಬೇಕಿತ್ತು.”

“ತಗೊಂಡಿದ್ದಕ್ಕೇ ಸಾರ್ ಇಷ್ಟಾಗಿದ್ದು,” ಎಂದರು ಕೋದಂಡರಾಮಪ್ಪ.

ಅವತ್ತು ತೆಗೆದ ರಕ್ತದಲ್ಲಿ ಕೆಟ್ಟ ಪ್ರೋಟೀನ್ ಮೊದಲಿನ ಮಟ್ಟಕ್ಕೆ ಏರಿತ್ತು. ಪಕ್ಕೆಲುಬಿನಲ್ಲಿ ಸಣ್ಣ ಬಿರುಕು ಕಂಡಿತು. ಇದರಿಂದ ರೋಗ ಜೋರಿನದ್ದು ಎಂದು ತೀರ್ಮಾನಿಸಬಹುದೇ ಎಂದು ಸುನಂದ ಕೇಳಿದಳು.

“ಅದನ್ನೂ ಹೇಳೋಕಾಗ್ತಿಲ್ಲ,” ಎಂದರು ಡಾಕ್ಟರು. “ಔಷಧಿ ನಿಲ್ಲಿಸದೇ ಇದ್ದು ಹೀಗೆ ಏರಿದ್ರೆ ಖಂಡಿತ ಜೋರಿನದ್ದು ಅಂತಿದ್ದೆ. ನಿಲ್ಲಿಸಿದ್ಮೇಲೆ ಯಾರದ್ದಾದ್ರೂ ಏರುತ್ತೆ. ಇರೋ ಒಂದು ದಾರೀನೂ ನಾವೇ ಮುಚ್ಚಿಕೊಂಡ ಹಾಗಾಯ್ತು.”

“ಹಂಗಾದ್ರೆ ನಾಲ್ಕನೇ ಔಷಧಿ ಈಗಲೇ ಕೊಟ್ಟುಬಿಡಿ,” ಎಂದಳು ಸುನಂದ.

“ಬೇಕಿಲ್ಲದೇ ಇದ್ರೆ? ಅದಕ್ಕೆ ಸೋಂಕು ಜಾಸ್ತಿ ಆಗುತ್ತೆ. ಸರ್ಕಾರಿ ವಿಮೆಯವರು ಜೀನ್ ರಿಪೋರ್ಟ್ ಇಲ್ಲದೆ ಒಪ್ಪೋದೂ ಇಲ್ಲ. ಮೊದಲು ಗೊತ್ತಾಗ್ಲಿ.”

ಕೋದಂಡರಾಮಪ್ಪ ತಮ್ಮ ಹಾಳಾದ ಚೂರನ್ನು ನೋಡಬೇಕು ಎಂದು ಹಟ ಹಿಡಿದರು. ಹಾಗೆ ಕೇಳುವ ರೋಗಿಗಳು ಅಪರೂಪ. ಡಾ. ಶೋಭಾರಾಣಿ ಬೇಡ ಎನ್ನಲಿಲ್ಲ. ಇಬ್ಬರು ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕದ ಒಂದು ಬದಿಗೆ ಅವರನ್ನು ಕೂರಿಸಿ, ಇನ್ನೊಂದು ಬದಿಯಿಂದ ಬಾಣದ ಗುರುತನ್ನು ಸರಿಸುತ್ತ ತೋರಿಸಿದರು: ಇದು ಮೂಳೆ, ಇದು ನಾರು, ಇವೇ ಆ ಕಣಗಳು. ಆ ಮೂಲೆಯ ಎಳೆ ಕಣಗಳನ್ನೂ ತೋರಿಸಿದರು.

ಅವರು ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದರು. “ಎಲ್ಲ ಒಂದೇ ಥರ ಕಾಣ್ತವಲ್ಲಮ್ಮ.”

“ಹತ್ತಿರ ಹತ್ತಿರ ಒಂದೇ ಥರ.”

“ಇದ್ರಲ್ಲಿ ಕೆಟ್ಟದ್ಯಾವುದು?”

“ಎಲ್ಲಾ ಕೆಟ್ಟವೇ. ಎಷ್ಟು ಕೆಟ್ಟವು ಅನ್ನೋದು ಇದ್ರಲ್ಲಿ ಕಾಣಲ್ಲ.”

“ಕಾಣಲ್ಲ ಅಂದ್ಮೇಲೆ ಇಷ್ಟು ದೊಡ್ಡ ಯಂತ್ರ ಯಾಕಿಟ್ಟಿದ್ದೀರಿ?” ಎಂದು ಎದ್ದರು. ನೇರಳೆ ಚುಕ್ಕೆ ಬಿಟ್ಟು ತನಗೆ ಏನೂ ಕಾಣಲಿಲ್ಲ ಎಂದು ಬಸ್ಸಿನಲ್ಲಿ ಅವರು ಹೆಂಡತಿಗೆ ಹೇಳಿದರು.

ಆ ಲ್ಯಾಬಿನಲ್ಲಿ ಮಜ್ಜೆಯ ಚೂರಿಗೆ ಈಗ ಬೇರೆ ಬಣ್ಣದ ಮುಚ್ಚಳದ ಬಾಟಲಿ ಬಂದಿದೆ. ಫೋನ್ ವಿಭಾಗದ ಸೂಚನೆ ಬದಲಾಗಿಲ್ಲ. ‘ತಪ್ಪು’ ಈಗಲೂ ನಿಷಿದ್ಧ. ಅದರ ಜೊತೆಗೆ ‘ಪ್ರಮಾದ’ವನ್ನೂ ಸೇರಿಸಿದ್ದಾರೆ. ಇನ್ನು ಮೇಲೆ ಇಂಥದ್ದಾದರೆ ‘ಟೆಸ್ಟ್ ಮತ್ತೆ ಮಾಡಬೇಕು’ ಎಂದಷ್ಟೇ ಹೇಳಬೇಕಂತೆ. ಯಾಕೆ ಎಂದು ರೋಗಿ ಕೇಳಿದರೆ ಏನು ಹೇಳಬೇಕೆಂದು ರಂಜಿತ ಅವರಿಗೆ ಯಾರೂ ತಿಳಿಸಿಲ್ಲ.

ಕೋದಂಡರಾಮಪ್ಪ ಕಳೆದ ಸೋಮವಾರದಿಂದ ಮಾತ್ರೆ ಮತ್ತೆ ನುಂಗುತ್ತಿದ್ದಾರೆ, ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದಾರೆ. ಈ ಗುರುವಾರ ಬೆಳಿಗ್ಗೆ ಸೊಂಟದ ಇನ್ನೊಂದು ಬದಿಯಿಂದ ಮೂಳೆಚೂರು ತೆಗೆಯುತ್ತಾರೆ. ಸಿರಿಂಜಿಗೆ ಈ ಸಲವೂ ಏನೂ ಬಾರದೆ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. ಚೂರು ಸರಿಯಾಗಿ ಸಿಕ್ಕಿದರೆ, ಜೀನ್ ಪರೀಕ್ಷೆಯ ಫಲಿತಾಂಶಕ್ಕೆ ಎರಡು ವಾರ ಬೇಕು.